ಶೋಕಶಮನದಲ್ಲಿ ಅಶ್ವದ ಸ್ಥಾನ

ನಿಕೊಲಸ್ ಎವನ್ಸನು ೧೯೯೫ರಲ್ಲಿ ಪ್ರಕಟಿಸಿದ ‘ದಿ ಹಾರ್ಸ್ ವಿಸ್ಪರರ್’ ಎಂಬ ಇಂಗ್ಲಿಷ್ ಕಾದಂಬರಿಯು ಲೋಕಪ್ರಸಿದ್ಧವಾದುದು. ೧೩ ವರ್ಷದ ಗ್ರೇಸ್ ಎಂಬ ಬಾಲಿಕೆಯು ಹಿಮ ಕವಿದ ದಾರಿಯಲ್ಲಿ ಸವಾರಿ ಹೋಗಿರಲು ಲಾರಿಯೊಂದು ಮೇಲೆರಗಿ, ಗೆಳತಿ ಜೂಡಿತ್ ಮಡಿಯುವಳು. ಗ್ರೇಸಳು ಒಂದು ಕಾಲನ್ನು ಕಳೆದುಕೊಳ್ಳುವಳು. ಅವಳ ಕುದುರೆ ಪಿಲ್‌ಗ್ರಿಮ್ ಗಾಯಗೊಂಡು, ಮನುಷ್ಯರನ್ನು ಹತ್ತಿರ ಸುಳಿಯಗೊಡದಷ್ಟು ಬೆದರುವುದು. ತಾಯಿಯು ಮಗಳನ್ನೂ ಕುದುರೆಯನ್ನೂ ಮೊಂಟಾನಾ ಸಂಸ್ಥಾನಕ್ಕೆ, ನಳನಂತೆ ಅಶ್ವಹೃದಯವನ್ನು ಬಲ್ಲ ಟಾಮ್ ಬೂಕರನಲ್ಲಿಗೆ ಒಯ್ಯುವಳು.

ಇಲ್ಲಿ ವಿಚಾರಾರ್ಹವಾದುದು ಕುದುರೆಯ ಸ್ಥಾನ. ಕರುಣರಸದಲ್ಲಿ ಅಗಲಿದವರ ನೆನಪನ್ನು ಕೆರಳಿಸುವ ವಸ್ತುಗಳು ಉದ್ದೀಪನವಿಭಾವಗಳು. ಅವು ಶೋಕವನ್ನು ಹೆಚ್ಚಿಸತಕ್ಕವು. ಭವಭೂತಿಯ ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ ಸೀತೆ ಸಾಕಿದ್ದ ಆನೆಮರಿಯೂ ನವಿಲೂ ರಾಮನಿಗೆ ಮಾಡುವುದು ಅದನ್ನೇ. ಪಿಲ್‌ಗ್ರಿಮ್ ಸಹ ಅಪಘಾತದ ಜೀವಂತ ಗುರುತು. ಬಾಲಿಕೆಯು ಮೊದಮೊದಲು ಅದರ ಮುಖ ನೋಡಲೊಲ್ಲಳು. ಹಾಗಿದ್ದೂ ಆ ಉದ್ದೀಪನವೇ ಇಲ್ಲಿ ಉಪಶಮನಕ್ಕೆ ಕಾರಣವಾಗುತ್ತದೆ. ಏಕೆಂದರೆ ಕುದುರೆಯು ಸಂತೈಸಲು ಬಂದುದಲ್ಲ. ಅದೂ ಅದೇ ಅಳಲಿಗೆ ಸಿಕ್ಕಿದ ಪ್ರಾಣಿ. ಹೆತ್ತವರ ಸಾಂತ್ವನಕ್ಕೆ ಮುಚ್ಚಿದ ಮನಸ್ಸು ತನ್ನಂತೆಯೇ ನೊಂದುದರ ಮುಂದೆ ತೆರೆಯುತ್ತದೆ.

ಬೂಕರನು ಕುದುರೆಯ ಕಾಲನ್ನು ಹಗ್ಗದಿಂದ ಎತ್ತಿಕಟ್ಟಿ ಅದನ್ನು ನೆಲಕ್ಕೆ ಮಲಗಿಸುವ ಸನ್ನಿವೇಶವೇ ಗ್ರಂಥದ ತಿರುಳು. ಅದು ಚಿಕಿತ್ಸೆಯೋ ಮಾನಭಂಗವೋ ಎಂಬ ಶಂಕೆ ಓದುಗನಲ್ಲಿ ಏಳುವುದು. ಗ್ರಂಥಕರ್ತನು ಅದನ್ನು ಅಳಿಸಲೆಳಸದಿರುವುದು ಮೆಚ್ಚತಕ್ಕದ್ದು. ತಾಯಿಗೂ ಬೂಕರನಿಗೂ ಹುಟ್ಟುವ ಪ್ರಣಯವು ಮಾತ್ರ ಪ್ರಧಾನರಸಕ್ಕೆ ಅಡ್ಡಬಂದಿದೆ. ಬೂಕರನ ಮರಣವಂತೂ ಆ ತೊಡಕನ್ನು ಬಿಡಿಸಲೆಂದೇ ತಂದಂತಿದೆ. ೧೯೯೮ರ ಚಲನಚಿತ್ರದಲ್ಲಿ ರಾಬರ್ಟ್ ರೆಡ್‌ಫರ್ಡನು ಈ ಮರಣವನ್ನು ಕೈಬಿಟ್ಟನು; ಕಥೆಗೆ ಅದರಿಂದ ನಷ್ಟವೇನೂ ಆಗಿಲ್ಲ.