ಬಿರುದು ಮತ್ತು ಬೈಗುಳದ ನಡುವೆ ಅನಕೃ



ತಮ್ಮ ಮನೆಯ ಅಟ್ಟದ ಮೇಲೋ ಹಳೆಯ ಟ್ರಂಕಿನೊಳಗೋ ಅ. ನ. ಕೃಷ್ಣರಾಯರ ಕಾದಂಬರಿಯೊಂದು ಇದ್ದರೂ ಇದ್ದೀತು. ರಟ್ಟು ಕಿತ್ತುಹೋಗಿರಬಹುದು, ಪುಟಗಳು ಹಳದಿಗಟ್ಟಿರಬಹುದು, ಮೊದಲ ಹಾಳೆಯ ಮೇಲೆ ಅಜ್ಜಿಯದೋ ಸೋದರತ್ತೆಯದೋ ಹೆಸರು ನೀಲಿ ಮಸಿಯಲ್ಲಿರಬಹುದು. ನಮ್ಮ ಮನೆಯಲ್ಲಿಯೂ ಅಂಥ ಎರಡು ಪುಸ್ತಕಗಳಿದ್ದವು. ಒಂದು 'ಸಂಧ್ಯಾರಾಗ'. ಅದು ಬಂದವರೆಲ್ಲರ ಕಣ್ಣಿಗೆ ಬೀಳುವಂತೆ ನಡುಮನೆಯ ಗೋಡೆಗೂಡಿನಲ್ಲಿತ್ತು. ಇನ್ನೊಂದು 'ನಗ್ನಸತ್ಯ'. ಅಮ್ಮ ಅದಕ್ಕೆ ವೃತ್ತಪತ್ರಿಕೆಯ ಹೊದಿಕೆ ಹಾಕಿ, ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದರು. ಒಬ್ಬನೇ ಲೇಖಕ, ಒಬ್ಬಳೇ ಓದುಗಳು. ಆದರೂ ಒಂದು ಪುಸ್ತಕಕ್ಕೆ ಗೂಡು, ಇನ್ನೊಂದಕ್ಕೆ ಮರೆ. ಬಾಲ್ಯದಲ್ಲಿ ಇದು ವಿಚಿತ್ರವೆನಿಸಿತ್ತು. ಈಗ ಯೋಚಿಸಿದರೆ, ಅನಕೃ ಅವರನ್ನು ಕುರಿತು ಕನ್ನಡನಾಡು ಹಲವು ದಶಕ ನಡೆಸಿದ ವಾಗ್ವಾದವೆಲ್ಲ ಆ ಎರಡು ಸ್ಥಳಗಳಲ್ಲಿಯೇ ಅಡಗಿತ್ತು ಎನಿಸುತ್ತದೆ.

ಅನಕೃ 1908ರಲ್ಲಿ ಕೋಲಾರದಲ್ಲಿ ಹುಟ್ಟಿದರು. ಮನೆತನದ ಊರು ಹಾಸನ ಸೀಮೆಯ ಅರಕಲಗೂಡು. ಮೊದಲ ಕಾದಂಬರಿ 'ಜೀವನಯಾತ್ರೆ' 1934ರಲ್ಲಿ ಹೊರಬಂದಿತು. 1971ರಲ್ಲಿ ಅವರು ತೀರಿಕೊಂಡಾಗ ಅವರ ಕಾದಂಬರಿಗಳ ಸಂಖ್ಯೆ ನೂರನ್ನು ದಾಟಿತ್ತೆಂದು ಹೇಳುವುದು ವಾಡಿಕೆ. ಇದಲ್ಲದೆ ಕಥೆ, ನಾಟಕ, ಜೀವನಚರಿತ್ರೆ, ವಿಮರ್ಶೆ, ಪತ್ರಿಕಾ ಸಂಪಾದನೆ ಎಲ್ಲವೂ ಇದ್ದವು. ಅಭಿಮಾನಿಗಳು ಅವರನ್ನು 'ಕಾದಂಬರಿ ಸಾರ್ವಭೌಮ' ಎಂದು ಕರೆದರು. ವಿರೋಧಿಗಳಲ್ಲಿ ಕೆಲವರು ಅವರನ್ನು ಅಶ್ಲೀಲ ಲೇಖಕರೆಂದರು, ಇನ್ನು ಕೆಲವರು ಹೊಟ್ಟೆಪಾಡಿನ ಬರಹಗಾರರೆಂದರು. ಬಿರುದು ಕೊಟ್ಟವರೂ ಬೈದವರೂ ಈಗ ಬಹುಮಟ್ಟಿಗೆ ಇಲ್ಲ. ಉಳಿದಿರುವುದು ಪುಸ್ತಕಗಳು ಮಾತ್ರ. ವಿಷಾದದ ಸಂಗತಿಯೆಂದರೆ, ಬಿರುದೂ ಬೈಗುಳವೂ ನಮಗೆ ನೆನಪಿವೆ; ಪುಸ್ತಕಗಳನ್ನು ಮಾತ್ರ ನಾವು ತೆರೆಯುವುದಿಲ್ಲ.

ಹೆಚ್ಚು ಬರೆದ ಅಪರಾಧ

ಮೊದಲು ಸಂಖ್ಯೆಯ ಮಾತನ್ನೇ ತೆಗೆದುಕೊಳ್ಳೋಣ. ಮೂವತ್ತೇಳು ವರ್ಷಗಳಲ್ಲಿ ನೂರು ಕಾದಂಬರಿ ಎಂದರೆ ವರ್ಷಕ್ಕೆ ಸುಮಾರು ಮೂರು. ಇಷ್ಟು ಬರೆದವನು ಚೆನ್ನಾಗಿ ಬರೆದಿರಲಾರ ಎಂಬ ಗುಮಾನಿ ಸಹಜವಾದುದು. ಇಂಗ್ಲೆಂಡಿನ ಆಂಟನಿ ಟ್ರಾಲಪ್ 47 ಕಾದಂಬರಿ ಬರೆದವರು. ದಿನವೂ ಗಡಿಯಾರ ಮುಂದಿಟ್ಟುಕೊಂಡು ಇಂತಿಷ್ಟು ಪದಗಳೆಂದು ಲೆಕ್ಕಹಾಕಿ ಬರೆಯುತ್ತಿದ್ದೆನೆಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದರು. ಅವರು ತೀರಿಕೊಂಡ ಮೇಲೆ 1883ರಲ್ಲಿ ಆ ಪುಸ್ತಕ ಪ್ರಕಟವಾದಾಗ ಅವರ ಕೀರ್ತಿಗೆ ದೊಡ್ಡ ಪೆಟ್ಟು ಬಿದ್ದಿತು. ಕಾದಂಬರಿಗಳಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಓದುಗರ ಮನಸ್ಸಿನಲ್ಲಿದ್ದ ಲೇಖಕನ ಚಿತ್ರ.

ಅನಕೃ ಅವರ ವಿಷಯದಲ್ಲಿಯೂ ಹೀಗೆಯೇ ಆಯಿತು. ಅವರು ಬರವಣಿಗೆಯನ್ನೇ ಜೀವನೋಪಾಯವಾಗಿ ನಂಬಿದವರು. ಕನ್ನಡದಲ್ಲಿ ಆ ಕಾಲದ ಹೆಚ್ಚಿನ ಹಿರಿಯ ಸಾಹಿತಿಗಳಿಗೆ ಅಧ್ಯಾಪಕ ವೃತ್ತಿಯೋ ಸರ್ಕಾರಿ ಹುದ್ದೆಯೋ ಇತ್ತು. ತಿಂಗಳ ಸಂಬಳ ಬರುವವರು ಒಂದು ಕೃತಿಯನ್ನು ಐದು ವರ್ಷ ತಿದ್ದಬಹುದು. ಲೇಖನಿಯಿಂದಲೇ ಒಲೆ ಉರಿಯಬೇಕಾದವರಿಗೆ ಆ ಸೌಕರ್ಯವಿಲ್ಲ. ಇದನ್ನು ಅನುಕಂಪಕ್ಕಾಗಿ ಹೇಳುತ್ತಿಲ್ಲ. ಅವಸರದ ಗುರುತುಗಳು ಅವರ ಅನೇಕ ಪುಸ್ತಕಗಳಲ್ಲಿ ಸ್ಪಷ್ಟವಾಗಿವೆ: ಒಂದೇ ಬಗೆಯ ಸನ್ನಿವೇಶ ಮತ್ತೆ ಮತ್ತೆ ಬರುತ್ತದೆ, ಕಥೆ ನಿಂತು ಚರ್ಚೆ ಶುರುವಾಗುತ್ತದೆ, ಬೇರೆ ಬೇರೆ ಪಾತ್ರಗಳು ಒಂದೇ ಧ್ವನಿಯಲ್ಲಿ ಮಾತಾಡುತ್ತವೆ. ಇವು ದೋಷಗಳೇ. ಬಡತನ ಇವುಗಳಿಗೆ ಕಾರಣವಾಗಬಹುದು, ಸಮರ್ಥನೆಯಾಗಲಾರದು. ಆದರೆ ನೂರು ಪುಸ್ತಕಗಳಲ್ಲಿ ಎಂಬತ್ತು ಸಾಧಾರಣವಾಗಿದ್ದರೆ ಉಳಿದ ಇಪ್ಪತ್ತೂ ಸಾಧಾರಣವೆಂದು ತೀರ್ಮಾನಿಸುವುದು ಯಾವ ನ್ಯಾಯ?

ಮರೆಯಲ್ಲಿಟ್ಟ ಪುಸ್ತಕ

ಎರಡನೆಯ ಆಕ್ಷೇಪ ಇನ್ನೂ ತೀವ್ರವಾದುದು. 1950ರ ಆಸುಪಾಸಿನಲ್ಲಿ 'ಶನಿಸಂತಾನ', 'ನಗ್ನಸತ್ಯ', 'ಸಂಜೆಗತ್ತಲು' ಎಂಬ ಮೂರು ಕಾದಂಬರಿಗಳು ಬಂದವು. ವಸ್ತು ವೇಶ್ಯಾವೃತ್ತಿ. ಅನಕೃ ಆಗ ಪ್ರಗತಿಶೀಲ ಚಳವಳಿಯ ಮುಂದಾಳು. ತ. ರಾ. ಸುಬ್ಬರಾವ್, ನಿರಂಜನ, ಬಸವರಾಜ ಕಟ್ಟೀಮನಿ ಮೊದಲಾದವರು ಆ ಚಳವಳಿಯಲ್ಲಿ ಬೆಳೆದರು. ಸಾಹಿತ್ಯವು ಪ್ರಕೃತಿಯ ಸೊಬಗನ್ನು ಹಾಡಿ ಸುಮ್ಮನಾಗಬಾರದು, ಸಮಾಜವು ಕಣ್ಣುಮುಚ್ಚಿಕೊಂಡ ಕಡೆಗೇ ದೀಪ ಹಿಡಿಯಬೇಕು ಎಂಬುದು ಅವರ ನಿಲುವಾಗಿತ್ತು. ನಾಡಿನಲ್ಲಿ ದೊಡ್ಡ ಗದ್ದಲವೆದ್ದಿತು. ಗೌರವಸ್ಥರ ಮನೆಯಲ್ಲಿ ಇಂಥ ಪುಸ್ತಕಗಳಿರಬಾರದೆಂದರು. ಅನಕೃ ಹಿಂಜರಿಯಲಿಲ್ಲ, 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು.

ಅಮ್ಮ ತೀರಿಹೋದ ಮೇಲೆ ಆ ಹೊದಿಕೆ ಹಾಕಿದ ಪುಸ್ತಕವನ್ನು ನಾನು ತೆರೆದು ಓದಿದೆ. ಸಂಕೋಚದಿಂದಲೇ ಪ್ರಾರಂಭಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ. ಸಂಕೋಚಪಡುವಂಥದ್ದು ಹೆಚ್ಚೇನೂ ಸಿಗಲಿಲ್ಲ. ಇಂದಿನ ದೂರದರ್ಶನ ಧಾರಾವಾಹಿಗಳನ್ನು ಮಕ್ಕಳೊಂದಿಗೆ ಕುಳಿತು ನೋಡುವ ನಮಗೆ ಅದರಲ್ಲಿ ಗಾಬರಿಯಾಗುವಂಥದ್ದು ಏನಿದೆ? ನನಗೆ ತೊಡಕಾಗಿ ಕಂಡದ್ದು ಬೇರೆ. ಸಮಾಜವನ್ನು ಕುರಿತ ಲೇಖಕರ ರೋಷ ಎಷ್ಟು ಪ್ರಬಲವಾಗಿದೆಯೆಂದರೆ, ಆ ರೋಷಕ್ಕೆ ಕಾರಣಳಾದ ಹೆಣ್ಣು ಅದರ ಮುಂದೆ ಚಿಕ್ಕವಳಾಗಿಬಿಡುತ್ತಾಳೆ. ಅವಳ ಪರವಾಗಿ ವಾದಿಸುವವರು ಅನೇಕರಿದ್ದಾರೆ. ಅವಳ ಮೌನವನ್ನು ಕೇಳಿಸಿಕೊಳ್ಳುವ ಬಿಡುವು ಕಾದಂಬರಿಗಿಲ್ಲ. ದೋಷವಿದ್ದರೆ ಅದು ಕಲೆಯ ದೋಷ, ಶೀಲದ ದೋಷವಲ್ಲ. ವಿರೋಧಿಗಳು ಹಿಡಿದದ್ದು ತಪ್ಪು ಕೊಂಬೆಯನ್ನು. ಅಭಿಮಾನಿಗಳೂ ಆ ತಪ್ಪು ಆಕ್ಷೇಪಕ್ಕೇ ಉತ್ತರ ಕೊಡುತ್ತ ಕುಳಿತರು. ಹೀಗಾಗಿ ಕೃತಿಯ ನಿಜವಾದ ಬಲಾಬಲಗಳ ವಿಚಾರ ಹಿಂದೆ ಬಿದ್ದಿತು.

ಆದರೂ ಒಂದು ಮಾತು ಉಳಿಯುತ್ತದೆ. ಅಮ್ಮ ಆ ಪುಸ್ತಕವನ್ನು ಮರೆಯಲ್ಲಿಟ್ಟರೇ ಹೊರತು ಎಸೆಯಲಿಲ್ಲ. ಬೀದಿಯ ಕೊನೆಯ ಮನೆಯೊಂದರ ಕಡೆಗೆ ನೋಡಬಾರದೆಂದು ಕಲಿಸಲ್ಪಟ್ಟಿದ್ದ ಗೃಹಿಣಿಯೊಬ್ಬಳಿಗೆ, ಆ ಮನೆಯಲ್ಲಿಯೂ ತನ್ನಂಥ ಹೆಣ್ಣೇ ಇದ್ದಾಳೆಂದು ಮೊದಲ ಬಾರಿ ಹೇಳಿದ್ದು ಬಹುಶಃ ಆ ಪುಸ್ತಕವೇ. ಅದು ಕಲಾತ್ಮಕವಾಗಿ ಹೇಳಲಿಲ್ಲ ಎಂಬುದು ನಿಜ. ಆದರೆ ಆಗ ಅದನ್ನು ಅಮ್ಮನಿಗೆ ತಲುಪುವಂತೆ ಹೇಳಿದವರು ಬೇರೆ ಎಷ್ಟು ಮಂದಿ ಇದ್ದರು?

ನವ್ಯರ ಮೌನ, ನಾಡಿನ ಜಯಕಾರ

1950ರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರೊಂದಿಗೆ ಕನ್ನಡ ಕಾವ್ಯದ ದಾರಿ ತಿರುಗಿತು. ಶಾಂತಿನಾಥ ದೇಸಾಯಿಯವರ 'ಮುಕ್ತಿ' 1961ರಲ್ಲಿ, ಯು. ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರಲ್ಲಿ ಬಂದವು. ಕಾದಂಬರಿಯಲ್ಲಿ ಓದುಗರು ನಿರೀಕ್ಷಿಸುವುದೇ ಬದಲಾಯಿತು. ಬಿಗಿಯಾದ ಬಂಧ, ಭಾಷೆಯಲ್ಲಿ ಮಿತವ್ಯಯ, ವ್ಯಕ್ತಿಯ ಒಳತೋಟಿ ಇವು ಹೊಸ ಅಳತೆಗೋಲುಗಳಾದವು. ಈ ಅಳತೆಗೋಲುಗಳಿಂದ ಕನ್ನಡಕ್ಕೆ ಬಹಳ ಲಾಭವಾಯಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅನಕೃ ಅವರನ್ನು ಆ ಕಾಲದ ವಿಮರ್ಶೆ ಬಹುಮಟ್ಟಿಗೆ ಅಳೆಯಲೇ ಇಲ್ಲ, ಪಕ್ಕಕ್ಕೆ ಸರಿಸಿತು. 'ಜನಪ್ರಿಯ' ಎಂಬ ಒಂದು ಪದವೇ ತೀರ್ಪಾಯಿತು.

ಇದೇ ಕಾಲದಲ್ಲಿ ನಾಡಿನಲ್ಲಿ ಅವರ ಇನ್ನೊಂದು ಚಿತ್ರ ಬೆಳೆಯುತ್ತಿತ್ತು. 1960ರಲ್ಲಿ ಅವರು ಮಣಿಪಾಲದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೆಂಗಳೂರಿನಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನ ಸಲ್ಲುತ್ತಿಲ್ಲವೆಂದು ಬೀದಿಗಿಳಿದರು. ರಾಮೋತ್ಸವದ ಕಚೇರಿಗಳಲ್ಲಿ ಕನ್ನಡದ ಸಂಗೀತಗಾರರಿಗೆ ಮನ್ನಣೆಯಿಲ್ಲದಿರುವುದನ್ನು ಪ್ರಶ್ನಿಸಿದರು. ಮ. ರಾಮಮೂರ್ತಿ ಮೊದಲಾದ ಕನ್ನಡ ಹೋರಾಟಗಾರರ ಸಾಲಿನಲ್ಲಿ ಅವರೂ ನಿಂತರು. ಇಂದು ಅನೇಕರಿಗೆ ಅನಕೃ ಎಂದರೆ ಒಂದು ಭಾವಚಿತ್ರ, ಒಂದು ಜಯಕಾರ. ಇದು ಅವರಿಗೆ ಸಲ್ಲಬೇಕಾದ ಗೌರವವೇ. ಆದರೆ ಈ ಜಯಕಾರದಿಂದಲೂ ಪುಸ್ತಕಕ್ಕೆ ಉಪಕಾರವಾಗಲಿಲ್ಲ. ವಿಮರ್ಶಕರು ಓದದೆ ಬಿಟ್ಟರು. ಅಭಿಮಾನಿಗಳು ಓದದೆ ಹೊಗಳಿದರು.

ಗೂಡಿನಲ್ಲಿದ್ದ ಪುಸ್ತಕ

ಹಾಗಾದರೆ ಉಳಿಯುವುದೇನು? 'ಸಂಧ್ಯಾರಾಗ'ವನ್ನು ಮತ್ತೆ ಓದಿದಾಗ ನನಗೆ ಒಂದು ಉತ್ತರ ಹೊಳೆಯಿತು. ಸಂಗೀತವೇ ಉಸಿರಾದ ಲಕ್ಷ್ಮಣ, ಆ ಉಸಿರಿಗಾಗಿ ಅವನೂ ಅವನ ಮನೆಯವರೂ ತೆರುವ ಬೆಲೆ ಇದರ ವಸ್ತು. 1966ರಲ್ಲಿ ಇದು ಚಲನಚಿತ್ರವಾಯಿತು. ರಾಜಕುಮಾರ್ ಅವರ ಅಭಿನಯವನ್ನೂ, ಭೀಮಸೇನ ಜೋಶಿ ಮತ್ತು ಬಾಲಮುರಳಿಕೃಷ್ಣ ಅವರ ಗಾಯನವನ್ನೂ ತಮ್ಮಲ್ಲಿ ಹಿರಿಯರಾದವರು ಮರೆತಿರಲಾರರು. ಕಾದಂಬರಿಯಲ್ಲಿ ಭಾವಾತಿರೇಕವಿದೆ, ಒಳ್ಳೆಯವರು ತೀರ ಒಳ್ಳೆಯವರಾಗಿದ್ದಾರೆ. ಆದರೆ ಸಂಗೀತದ ಮಾತು ಬಂದ ಕೂಡಲೇ ಬರವಣಿಗೆಯ ನಡೆ ಬದಲಾಗುತ್ತದೆ. ಲೇಖಕರು ವಾದಿಸುವುದನ್ನು ಬಿಟ್ಟು ಆಲಿಸತೊಡಗುತ್ತಾರೆ. 'ಉದಯರಾಗ'ದಲ್ಲಿ ಚಿತ್ರಕಲಾವಿದನನ್ನೂ 'ನಟಸಾರ್ವಭೌಮ'ದಲ್ಲಿ ರಂಗಭೂಮಿಯ ನಟನನ್ನೂ ಬರೆಯುವಾಗ ಕಾಣುವ ಪ್ರೀತಿ ಇದೇ ಜಾತಿಯದು. ಕಲಾವಿದನೆಂದರೆ ಮನೆಗೆ ಹೊರೆ, ನಾಟಕದವನಿಗೆ ಹೆಣ್ಣು ಕೊಡಬಾರದು ಎನ್ನುತ್ತಿದ್ದ ಸಮಾಜಕ್ಕೆ, ಅವನ ದುಡಿಮೆಯೂ ತಪಸ್ಸೇ ಎಂದು ಈ ಪುಸ್ತಕಗಳು ಮನಗಾಣಿಸಿದವು. ನನ್ನ ದೃಷ್ಟಿಯಲ್ಲಿ ಅನಕೃ ಅವರ ಕೀರ್ತಿ ನಿಲ್ಲಬೇಕಾದದ್ದು ಈ ನೆಲದ ಮೇಲೆ. ಸಂಖ್ಯೆಯ ಮೇಲೂ ಅಲ್ಲ, ಗದ್ದಲದ ಮೇಲೂ ಅಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಕನ್ನಡದಲ್ಲಿ ಕಾದಂಬರಿ ಓದುವ ಜನ ತಾವಾಗಿ ಹುಟ್ಟಿದವರಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ತಂದುಕೊಟ್ಟರು; ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದರು. ಅನಕೃ ಆ ಓದುಗರ ಬಳಗವನ್ನು ಮಧ್ಯಮವರ್ಗದ ಅಡುಗೆಮನೆಯವರೆಗೆ ವಿಸ್ತರಿಸಿದರು. ಬಾಡಿಗೆ ಪುಸ್ತಕದಂಗಡಿಯಿಂದ ತಂದ ಕಾದಂಬರಿಯನ್ನು ಮಧ್ಯಾಹ್ನದ ಒಂದು ಗಂಟೆಯ ಬಿಡುವಿನಲ್ಲಿ ಓದಿದ ಹೆಂಗಸರು ಮುಂದೆ ತ್ರಿವೇಣಿಯವರನ್ನು ಓದಿದರು, ತಮ್ಮ ಹೆಣ್ಣುಮಕ್ಕಳ ಕೈಗೂ ಪುಸ್ತಕ ಕೊಟ್ಟರು. ನವ್ಯರ ಬಿಗಿ ಬರಹಕ್ಕೂ ಓದುಗರು ಬೇಕಿತ್ತಲ್ಲವೇ? ಆ ಓದುಗರಲ್ಲಿ ಎಷ್ಟೋ ಮಂದಿ ಅನಕೃ ಓದುತ್ತಿದ್ದ ಮನೆಗಳಿಂದಲೇ ಬಂದವರು.

ಇಲ್ಲಿ ನಾನೊಂದು ಎಚ್ಚರವನ್ನು ನನಗೇ ಹೇಳಿಕೊಳ್ಳಬೇಕು. ಅಮ್ಮ ಪ್ರೀತಿಸಿದ ಪುಸ್ತಕವೆಂಬ ಕಾರಣಕ್ಕೆ ಅದು ಶ್ರೇಷ್ಠವಾಗುವುದಿಲ್ಲ. ಮಮತೆ ವಿಮರ್ಶೆಯ ಸ್ಥಾನವನ್ನು ಆಕ್ರಮಿಸಬಾರದು. ಹಾಗೆಯೇ, ಅವನ್ನು ಕಸವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರೂ ಒಂದು ಕ್ಷಣ ಯೋಚಿಸಬೇಕು. ಆ ಮಾತು ಲೇಖಕರೊಬ್ಬರಿಗೆ ಮಾತ್ರ ತಗಲುವುದಿಲ್ಲ. ಹಗಲೆಲ್ಲ ದುಡಿದು, ಒಂದು ಗಂಟೆ ಕದ್ದು, ತನ್ನ ಬಾಳಿಗಿಂತ ದೊಡ್ಡದಾದ ಬಾಳೊಂದನ್ನು ಪುಟಗಳಲ್ಲಿ ಹುಡುಕಿದವರಿಗೂ ತಗಲುತ್ತದೆ. ಅವರು ಮೂಢರಾಗಿರಲಿಲ್ಲ. ಯಾವುದನ್ನು ಗೂಡಿನಲ್ಲಿಡಬೇಕು, ಯಾವುದನ್ನು ಸೀರೆಯ ಕೆಳಗಿಡಬೇಕು ಎಂದು ತಾವೇ ನಿರ್ಧರಿಸಿದವರು ಅವರು. ಅದೂ ಒಂದು ಬಗೆಯ ವಿಮರ್ಶೆಯೇ.

ಆದ್ದರಿಂದ, ವಾಚಕ ಮಹಾಶಯರೇ, ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಬಿಡುವಿನ ದಿನ ಅಟ್ಟದಿಂದ ಆ ಪುಸ್ತಕವನ್ನು ಇಳಿಸಿ ಧೂಳು ಕೊಡವಿರಿ. ಮನೆಯಲ್ಲಿ ಹಿರಿಯರಿದ್ದರೆ, ಅದನ್ನು ಯಾವಾಗ ಓದಿದಿರಿ, ಏಕೆ ಇಟ್ಟುಕೊಂಡಿರಿ ಎಂದು ಕೇಳಿರಿ. ಐವತ್ತು ಪುಟ ಓದಿದ ಮೇಲೆ ಬೇಸರವಾದರೆ ಸಂಕೋಚವಿಲ್ಲದೆ ಮುಚ್ಚಿಡಿರಿ. ಹಿಡಿಸಿದರೆ ಮಕ್ಕಳಿಗೂ ಒಂದು ಅಧ್ಯಾಯ ಓದಿ ಹೇಳಿರಿ. ಬೇರೆಯವರು ಕೊಟ್ಟ ಬಿರುದನ್ನೂ ಬೇರೆಯವರು ಆಡಿದ ಬೈಗುಳವನ್ನೂ ಪಕ್ಕಕ್ಕಿಟ್ಟು, ಪುಸ್ತಕವನ್ನು ಪುಸ್ತಕವೆಂದೇ ಓದಿರಿ. ಬದುಕಿನುದ್ದಕ್ಕೂ ಓದುಗರನ್ನೇ ನಂಬಿ ಬರೆದ ಲೇಖಕರಿಗೆ ನಾವು ಸಲ್ಲಿಸಬೇಕಾದ ನ್ಯಾಯ ಅದು.

ನಮ್ಮ ಮನೆಯಲ್ಲಿ ಈಗ ಎರಡೂ ಪುಸ್ತಕಗಳು ಒಂದೇ ಗೂಡಿನಲ್ಲಿವೆ. 'ನಗ್ನಸತ್ಯ'ದ ವೃತ್ತಪತ್ರಿಕೆಯ ಹೊದಿಕೆಯನ್ನು ಮಾತ್ರ ನಾನು ತೆಗೆದಿಲ್ಲ. ಅದನ್ನು ಮಡಿಸಿ ಅಂಟಿಸಿದ್ದು ಅಮ್ಮನ ಕೈ.