ಹೆಸರಿಲ್ಲದ ದಲಾಲ

ಕಾಕಾನಿಗೆ ಆ ಫೋನ್ ಬಂದಾಗ ಕಡಲಿ ರಾಶಿ ನಡೆದಿತ್ತು. ಅಣ್ಣಿಗೇರಿ ತಾಲ್ಲೂಕಿನ ಎರಿಹೊಲ. ಯಂತ್ರದ ಸದ್ದಿಗೆ ಮಾತು ಕೇಳಿಸದೆ ಬದುವಿನ ಕಡೆ ಬಂದು ನಿಂತು ಸ್ಪೀಕರ್ ಹಾಕಿದರು. ಆ ಕಡೆಯಿಂದ ಬೆಂಗಳೂರು ಕನ್ನಡದ ಒಬ್ಬ ಹುಡುಗಿ ಅಡ್ಡಹೆಸರು ಸಮೇತ ಕಾಕಾನ ಪೂರ್ತಿ ಹೆಸರು ಹೇಳಿ, "ನಿಮ್ಮ ನಾಲ್ಕು ಎಕರೆ ಹನ್ನೆರಡು ಗುಂಟೆ ಜಮೀನಿನ ಮೇಲೆ ಟ್ರ್ಯಾಕ್ಟರ್ ಸಾಲಕ್ಕೆ ನೀವು ಅರ್ಹರಾಗಿದ್ದೀರಿ ಸರ್" ಎಂದಳು. ಕಾಕಾ ಯಾವ ಸಾಲವನ್ನೂ ಕೇಳಿರಲಿಲ್ಲ. "ನಂದ ಹೊಲಾ ಎಷ್ಟ ಐತಿ ಅಂತ ನಿನಗ ಯಾರ್ ಹೇಳಿದ್ರವಾ ತಂಗಿ?" ಎಂದು ಕೇಳಿದರು. "ಡೇಟಾ ಇದೆ ಸರ್" ಅಂದಳು, ಫೋನ್ ಇಟ್ಟಳು.

ಎಕರೆ ಸರಿಯಿತ್ತು, ಗುಂಟೆಯೂ ಸರಿಯಿತ್ತು. ಕಾಕಾನಿಗೆ ಸಿಟ್ಟಿಗಿಂತ ಹೆಚ್ಚಾಗಿ ಒಂದು ಬಗೆಯ ಸಂಕೋಚ. ಮೈಮೇಲಿನ ಅಂಗಿಯನ್ನು ಯಾರೋ ಎತ್ತಿ ನೋಡಿದ ಹಾಗೆ. ಆ ಸಂಜೆಯಿಂದ ನಾನು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಓದುತ್ತಿದ್ದೇನೆ. 2023ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳು ಕಂಪನಿಗಳ ಮೇಲೆ ಬೀಳುವುದು 2027ರ ಮೇ ಹೊತ್ತಿಗೆ. ದೆಹಲಿ, ಬೆಂಗಳೂರಿನ ವಕೀಲರು ಅದನ್ನು ಕಂಪನಿಯ ಕಡೆಯಿಂದ ಬೇಕಾದಷ್ಟು ಓದಿದ್ದಾರೆ. ನನಗೆ ಅದನ್ನು ಕಾಕಾನ ಬದುವಿನ ಮೇಲೆ ನಿಂತು ಓದಬೇಕಾಗಿತ್ತು.

ಮೊದಲು ಅದರ ಒಳ್ಳೆಯದನ್ನು ಹೇಳಬೇಕು. ನಿಮ್ಮ ಮಾಹಿತಿ ಪಡೆಯುವವರು ಏನನ್ನು, ಯಾತಕ್ಕಾಗಿ ಪಡೆಯುತ್ತಿದ್ದೇವೆ ಎಂದು ಮೊದಲೇ ತಿಳಿಸಬೇಕು, ಆ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಅಂದರೆ ಕನ್ನಡದಲ್ಲಿ ಕೇಳುವ ಹಕ್ಕು. ಕಲಘಟಗಿಯ ಒಬ್ಬ ಹೆಣ್ಣುಮಗಳು ಸಂಘದ ಸಾಲಕ್ಕೆ ಸಹಿ ಹಾಕುವಾಗ ಇಂಗ್ಲಿಷಿನ ಸಣ್ಣಕ್ಷರದ ಹಾಳೆ ಮುಂದಿಟ್ಟು "ಇಲ್ಲಿ, ಇಲ್ಲಿ, ಮತ್ತಿಲ್ಲಿ" ಎಂದು ಬೆರಳು ತೋರಿಸುವ ರೂಢಿ ಇದೆಯಲ್ಲ, ಅದಕ್ಕೆ ಈ ಒಂದು ಸಾಲು ನಿಜವಾದ ಉತ್ತರ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಬಹುದು ಎಂಬ ಮಾತೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಈ ಕಾಯ್ದೆ ಆ ತೀರ್ಪಿನ ಫಲ. ನಮ್ಮ ನಾಡಿನ ಒಬ್ಬ ಹಿರಿಯರು ಹಿಡಿದ ಹಟ ಅದರ ಹಿಂದೆ ಇದೆ ಎಂಬುದನ್ನು ಮರೆಯಬಾರದು.

ಆದರೆ ಕಾಯ್ದೆ ಮಾತಾಡುವುದು ಇಬ್ಬರ ನಡುವೆ ಮಾತ್ರ: ಮಾಹಿತಿ ಕೊಟ್ಟವನು, ಪಡೆದವನು. ಪಡೆದವನ ಹತ್ತಿರ ಹೋಗಿ, ನನ್ನ ಮಾಹಿತಿ ಏನಿದೆ, ಯಾರಿಗೆ ಕೊಟ್ಟೆ, ಅಳಿಸು ಎಂದು ಕೇಳುವ ಹಕ್ಕು ನಿಮಗಿದೆ. ಕಾಕಾ ಯಾರ ಹತ್ತಿರ ಹೋಗಬೇಕು? ಫೋನ್ ಮಾಡಿದ ಹುಡುಗಿಗೆ ಪಟ್ಟಿ ಕೊಟ್ಟವನು ಯಾರು, ಅವನಿಗೆ ಮಾರಿದವನು ಯಾರು, ಮೊದಲು ಕದ್ದವನು ಯಾರು? ಒಪ್ಪಿಗೆಯೋ ಕಾಯ್ದೆ ಒಪ್ಪಿದ ಬೇರೆ ಕಾರಣವೋ ಇಲ್ಲದೆ ಮಾಹಿತಿ ಇಟ್ಟುಕೊಳ್ಳುವುದೇ ತಪ್ಪು ಎಂದು ಕಾಯ್ದೆ ಹೇಳುವುದು ನಿಜ. ಆದರೆ ತಪ್ಪು ಮಾಡಿದವನು ಎಲ್ಲಿದ್ದಾನೆಂದು ತಿಳಿಯುವ ಯಾವ ದಾರಿಯನ್ನೂ ಅದು ಹೊಲದಲ್ಲಿ ನಿಂತವನಿಗೆ ಕೊಟ್ಟಿಲ್ಲ. ಆ ಮೂರನೆಯವನ, ಅಂದರೆ ಮಾಹಿತಿ ಮಾರುವ ದಲಾಲನ, ಹೆಸರೇ ಅದರಲ್ಲಿಲ್ಲ.

ನಮ್ಮ ಕಡೆ ದಲಾಲ ಎಂಬ ಮಾತಿಗೆ ಒಂದು ಖಚಿತ ಅರ್ಥವಿದೆ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೋಗಿ ನೋಡಿ. ಕುಂದಗೋಳದ ರೈತ ಮೆಣಸಿನಕಾಯಿ ಚೀಲ ಇಳಿಸುವ ಅಂಗಡಿಗೆ ಬೋರ್ಡ್ ಇರುತ್ತದೆ, ಅಂಗಡಿಯವನಿಗೆ ಲೈಸೆನ್ಸ್ ಇರುತ್ತದೆ, ಮಾರಿದ ಮಾಲಿಗೆ ತೂಕ, ದರ, ಹಮಾಲಿ ಎಲ್ಲ ಬರೆದ ಪಟ್ಟಿ ಕೈಗೆ ಬರುತ್ತದೆ. 1966ರ ಎಪಿಎಂಸಿ ಕಾಯ್ದೆ ಇಷ್ಟನ್ನು ಕಟ್ಟಿಕೊಟ್ಟಿತು. ಅಲ್ಲಿ ಮೋಸವೇ ನಡೆಯುವುದಿಲ್ಲ ಎಂದು ನಾನು ಹೇಳುವುದಿಲ್ಲ. ತೂಕದಲ್ಲಿ ನಡೆಯುತ್ತದೆ, ದರದಲ್ಲಿ ನಡೆಯುತ್ತದೆ. ಆದರೆ ಮೋಸ ಹೋದವನಿಗೆ ಯಾವ ಅಂಗಡಿಯ ಮುಂದೆ ಹೋಗಿ ನಿಂತು ಜಗಳ ತೆಗೆಯಬೇಕೆಂದು ಗೊತ್ತಿರುತ್ತದೆ. ಅದೇ ರೈತನ ಹೆಸರು, ನಂಬರು, ಹೊಲ, ಸಾಲ ಮಾರಾಟವಾದಾಗ ಅಂಗಡಿ ಇಲ್ಲ, ಬೋರ್ಡಿಲ್ಲ, ಪಟ್ಟಿಯಿಲ್ಲ. ಮಾಲು ತನ್ನದೇ ಆಗಿದ್ದರೂ ಮಾರಾಟವಾದದ್ದು ಅವನಿಗೆ ತಿಳಿಯುವುದಿಲ್ಲ.

ಈ ಪೇಟೆ ಎಷ್ಟು ದೊಡ್ಡದು ಎಂಬುದು 2023ರಲ್ಲಿ ಒಮ್ಮೆ ಕಣ್ಣಿಗೆ ಬಿತ್ತು. ಹೈದರಾಬಾದಿನ ಸೈಬರಾಬಾದ್ ಪೊಲೀಸರು ಆ ವರ್ಷದ ಮಾರ್ಚ್‌ನಲ್ಲಿ ಒಂದು ತಂಡವನ್ನು ಹಿಡಿದರು. ಅದರ ಕೈಯಲ್ಲಿದ್ದದ್ದು 16.8 ಕೋಟಿ ಜನರ ವಿವರ. ಕೆಲವೇ ದಿನಗಳಲ್ಲಿ ಹಿಡಿದ ಇನ್ನೊಬ್ಬನ ಹತ್ತಿರ 24 ರಾಜ್ಯ, 8 ಮಹಾನಗರಗಳ 66.9 ಕೋಟಿ ಜನರ ವಿವರ ಇದ್ದವು ಎಂದು ಪೊಲೀಸರು ಹೇಳಿದರು. ಬಗೆಬಗೆಯಾಗಿ ವಿಂಗಡಿಸಿ, ಕಾಳು ಹಸನು ಮಾಡಿ ಚೀಲ ಕಟ್ಟಿದ ಹಾಗೆ, ಮಾರಾಟಕ್ಕೆ ಇಟ್ಟಿದ್ದ. ಅಮೆರಿಕದ ವರ್ಮಾಂಟ್ ರಾಜ್ಯ ಇಂಥ ದಲಾಲರು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕೆಂದು 2018ರಲ್ಲೇ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾ 2023ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಒಬ್ಬ ನಾಗರಿಕ ಒಂದೇ ಕಡೆ ಒಂದೇ ಅರ್ಜಿ ಹಾಕಿದರೆ ನೋಂದಾಯಿತ ದಲಾಲರೆಲ್ಲರೂ ಅವನ ಮಾಹಿತಿ ಅಳಿಸಬೇಕು. ಆ ವ್ಯವಸ್ಥೆ 2026ರ ಜನವರಿಯಲ್ಲಿ ಬಾಗಿಲು ತೆರೆಯಿತು. ನೋಂದಾಯಿಸದ ಕಳ್ಳನನ್ನು ಅದು ಹಿಡಿಯುವುದಿಲ್ಲ, ಒಪ್ಪುತ್ತೇನೆ. ಆದರೂ ಪಟ್ಟಿಯಲ್ಲಿ ಹೆಸರಿಲ್ಲದೆ ವ್ಯಾಪಾರ ಮಾಡುವುದೇ ಕಾನೂನುಬಾಹಿರ ಎಂದಾದಾಗ ಕೊಳ್ಳುವವನಾದರೂ ಒಮ್ಮೆ ಯೋಚಿಸುತ್ತಾನೆ. ನಮ್ಮ ಕಾಯ್ದೆ ಬರೆದವರು ಈ ಮಾದರಿಯನ್ನು ಯಾಕೆ ಕೈಬಿಟ್ಟರೋ, ನನಗೆ ಇದು ಅದರ ಅತಿ ದೊಡ್ಡ ಕೊರತೆಯಾಗಿ ಕಾಣುತ್ತದೆ.

ಇನ್ನು ಪಹಣಿ, ಕಾಕಾನ ಎಕರೆ, ಗುಂಟೆ ಬರೆದಿಟ್ಟಿರುವ ದಾಖಲೆ. ಒಂದು ಕಾಲಕ್ಕೆ ಊರಿನ ದಾಖಲೆಯೆಲ್ಲ ಕುಲಕರ್ಣಿಯ ದಪ್ತರದಲ್ಲಿ, ಬಟ್ಟೆಯಲ್ಲಿ ಸುತ್ತಿಕೊಂಡು ಕುಳಿತಿರುತ್ತಿತ್ತು. ಉತಾರ ಬೇಕಾದರೆ ಅವರ ಕಟ್ಟೆಯ ಮುಂದೆ ಚಪ್ಪಲಿ ಕಳಚಿ ಕಾಯಬೇಕು. ಆ ಕಾಲ ಮರಳಿ ಬರಲಿ ಎಂದು ನಾನು ಕನಸಿನಲ್ಲೂ ಬಯಸುವುದಿಲ್ಲ. 2000ದ ಹೊತ್ತಿಗೆ ಬಂದ ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಕೈಗೆ ಸಿಗುವಂತೆ ಮಾಡಿದ್ದು ರೈತನ ಪಾಲಿಗೆ ಬಿಡುಗಡೆಯೇ.

ಈಗ ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ಎಲ್ಲಿ ಕುಳಿತಾದರೂ ಹೊಲದ ಮಾಲೀಕ ಯಾರು, ಎಷ್ಟು ಎಕರೆ, ಯಾವ ಬ್ಯಾಂಕಿನ ಬೋಜಾ ಇದೆ ಎಂದು ನೋಡಬಹುದು. ಹೊಲ ಕೊಳ್ಳುವವನಿಗೆ ಇದು ಬೇಕು, ಮೋಸ ತಪ್ಪುತ್ತದೆ. ಆದರೆ ಒಬ್ಬ ಒಂದು ಸರ್ವೆ ನಂಬರ್ ನೋಡುವುದು ಬೇರೆ, ಒಬ್ಬ ಇಡೀ ಹೋಬಳಿಯನ್ನೇ ಇಳಿಸಿಕೊಂಡು ಸಾಲಗಾರರ ಪಟ್ಟಿ ಮಾಡುವುದು ಬೇರೆ. ಕಾಯ್ದೆ ಈ ಎರಡರ ನಡುವೆ ಭೇದ ಮಾಡಲಿಲ್ಲ. ಕಾನೂನಿನ ಪ್ರಕಾರ ಬಹಿರಂಗಪಡಿಸಲೇಬೇಕಾದ ಮಾಹಿತಿಗೆ ತಾನು ಅನ್ವಯಿಸುವುದಿಲ್ಲ ಎಂದು ಮೂರನೇ ಕಲಮಿನಲ್ಲೇ ಹೇಳಿ ಮುಂದೆ ನಡೆದಿದೆ. ಪಹಣಿ ಆ ಗೆರೆಯೊಳಗೆ ಬರುತ್ತದೆಯೇ ಇಲ್ಲವೇ ಎಂದು ನಾಳೆ ವಕೀಲರು ವಾದಿಸಲಿ. ಬಾಗಿಲಂತೂ ತೆರೆದಿದೆ.

ತೆರೆದಿಟ್ಟ ದಾಖಲೆ ಕಳ್ಳರ ಕೈಗೂ ಸಿಗುತ್ತದೆ ಎಂಬ ಪಾಠವನ್ನು ಕರ್ನಾಟಕ ಒಮ್ಮೆ ಕಲಿತಾಗಿದೆ. 2023ರಲ್ಲಿ ಹಲವರ ಖಾತೆಯಿಂದ ಓಟಿಪಿ ಇಲ್ಲದೆ, ಕಾರ್ಡಿಲ್ಲದೆ ಹಣ ಹೋಯಿತು. ಆಧಾರ್ ನಂಬರ್ ಮತ್ತು ಬೆರಳಿನ ಗುರುತು ಇದ್ದರೆ ಹಣ ಕೊಡುವ ವ್ಯವಸ್ಥೆಯನ್ನು ಕಳ್ಳರು ಬಳಸಿಕೊಂಡಿದ್ದರು. ಬೆರಳು ಎಲ್ಲಿಂದ ಬಂತು? ಉಪನೋಂದಣಿ ಕಚೇರಿಯ ಖರೀದಿ ಪತ್ರಗಳಿಂದ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಇಳಿಸಿಕೊಂಡ ಪತ್ರಗಳ ಮೇಲಿನ ಹೆಬ್ಬೆರಳಿನ ಗುರುತಿನಿಂದ ಅಚ್ಚು ತೆಗೆದಿದ್ದರು ಎಂಬುದು ಬೆಂಗಳೂರು ಪೊಲೀಸರ ತನಿಖೆಯಲ್ಲಿ ಹೊರಬಂತು. ಆಮೇಲೆ ಸರ್ಕಾರ ಆ ಗುರುತು ಮತ್ತು ಆಧಾರ್ ನಂಬರನ್ನು ಮರೆಮಾಚುವ ಕೆಲಸಕ್ಕೆ ಕೈಹಾಕಿತು. ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂಬ ಸಲಹೆ ಎಲ್ಲ ಕಡೆಯಿಂದ ಬಂತು. ಲಾಕ್ ಮಾಡಿದರೆ ರೇಷನ್ ಅಂಗಡಿಯಲ್ಲಿ ಬೆರಳು ಹತ್ತುವುದಿಲ್ಲ, ಹಳ್ಳಿಯ ಬ್ಯಾಂಕ್ ಮಿತ್ರನ ಹತ್ತಿರ ಪಿಂಚಣಿ ಬಿಡಿಸಲು ಬರುವುದಿಲ್ಲ. ನಮ್ಮ ಅವ್ವನಂಥವರು ತಿಂಗಳಿಗೊಮ್ಮೆ ಮೊಮ್ಮಗನ ಫೋನಿನಲ್ಲಿ ಲಾಕ್ ತೆಗೆಸಿ, ಅಕ್ಕಿ ತಂದು, ಮತ್ತೆ ಹಾಕಿಸಬೇಕು. ಕಾವಲು ಕಾಯುವ ಹೊಣೆಯನ್ನು, ಹಣ ಕಳೆದುಕೊಂಡವರ ಹೆಗಲಿಗೇ ಹೊರಿಸುವ ಈ ರೀತಿ ಇಡೀ ಕಾಯ್ದೆಯಲ್ಲೂ ಹರಿದಿದೆ.

ದಂಡದ ವಿಷಯ ನೋಡಿ. ಮಾಹಿತಿ ಸೋರಿಹೋಗದಂತೆ ಕಾಯದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ. ಓದಿದಾಗ ಎದೆ ತುಂಬುತ್ತದೆ. ಆ ದುಡ್ಡು ಹೋಗುವುದು ಭಾರತದ ಸಂಚಿತ ನಿಧಿಗೆ. ಖಾತೆ ಖಾಲಿಯಾದವನಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಹಳೆಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಲ್ಲಿ, ಕಂಪನಿಯ ಅಲಕ್ಷ್ಯದಿಂದ ನಷ್ಟವಾದವನು ಪರಿಹಾರ ಕೇಳಬಹುದು. ಕೇಳಿ ಪಡೆದವರು ಕಡಿಮೆ ಇರಬಹುದು, ಹಕ್ಕು ಅಂತೂ ಇದೆ. ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ಆ ಕಲಮು ಹೋಗುತ್ತದೆ. ಬದಲಿಗೆ, ಸುಳ್ಳು ಅಥವಾ ಹುರುಳಿಲ್ಲದ ದೂರು ಕೊಟ್ಟವನಿಗೆ 10,000 ರೂಪಾಯಿವರೆಗೆ ದಂಡ ಎಂಬ ಮಾತು ಬಂದಿದೆ. ಗ್ರಾಮ ಒನ್ ಕೇಂದ್ರದ ಹುಡುಗನ ಸಹಾಯದಿಂದ ಆನ್‌ಲೈನಿನಲ್ಲಿ ದೂರು ತುಂಬಿಸುವ ರೈತ ಈ ಸಾಲನ್ನು ಕೇಳಿದರೆ ಎದ್ದು ಮನೆಗೆ ಹೋಗುತ್ತಾನೆ. ನಾನಾದರೂ ಹಾಗೇ ಮಾಡುತ್ತೇನೆ.

ಕಾಯ್ದೆ ಮುಟ್ಟುವುದು ಡಿಜಿಟಲ್ ಮಾಹಿತಿಯನ್ನು, ಅಥವಾ ಕಾಗದದಿಂದ ಆಮೇಲೆ ಡಿಜಿಟಲ್ ಆದದ್ದನ್ನು. ಅಂಗಡಿಯ ಮೂಲೆಯಲ್ಲಿ ರಾಶಿ ಬಿದ್ದ ಝೆರಾಕ್ಸ್ ಹಾಳೆಗಳು ಅದಕ್ಕೆ ಕಾಣುವುದಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ಮಾಹಿತಿ ಕೈಬದಲಾಗುವುದೇ ಝೆರಾಕ್ಸ್‌ನಲ್ಲಿ. ಬೆಳೆವಿಮೆಗೆ ಒಂದು ಸೆಟ್, ಗೃಹಲಕ್ಷ್ಮಿಗೆ ಒಂದು ಸೆಟ್, ಸೊಸೈಟಿಗೆ ಒಂದು ಸೆಟ್. ಆಧಾರ್, ಪಾಸ್‌ಬುಕ್, ಉತಾರ, ಎರಡು ಫೋಟೋ. ಯಾವುದಕ್ಕೆ ಕೊಟ್ಟದ್ದೆಂದು ಮೇಲೆ ಬರೆದು ಸಹಿ ಮಾಡುವ ರೂಢಿ ಯಾರೂ ಹಾಕಿಕೊಟ್ಟಿಲ್ಲ.

ಇದೆಲ್ಲದರ ಎದುರು ನನ್ನ ಮನಸ್ಸಿನಲ್ಲಿ ನಿಂತಿರುವುದು ಹುಬ್ಬಳ್ಳಿಯ ಒಬ್ಬ ಹೆಣ್ಣುಮಗಳ ಪ್ರಕರಣ. ಗಂಡನಿಂದ ಜೀವನಾಂಶ ಕೊಡಿಸಿ ಕೌಟುಂಬಿಕ ನ್ಯಾಯಾಲಯ ಆದೇಶ ಮಾಡಿತ್ತು. ಗಂಡ ಎಲ್ಲಿದ್ದಾನೆಂದೇ ಗೊತ್ತಿಲ್ಲ. ಆಧಾರ್‌ನಲ್ಲಿರುವ ಅವನ ವಿಳಾಸ ಕೊಡಿ ಎಂದು ಮಾಹಿತಿ ಹಕ್ಕಿನಡಿ ಕೇಳಿದಳು. ಆಧಾರ್ ಪ್ರಾಧಿಕಾರ ಕೊಡಲಿಲ್ಲ. ಪ್ರಕರಣ ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಯಿತು. ಮದುವೆಯ ಸಂಬಂಧ ಆಧಾರ್ ಹೊಂದಿದವನ ಖಾಸಗಿತನವನ್ನು ಅಳಿಸುವುದಿಲ್ಲ, ಆಧಾರ್ ಕಾಯ್ದೆ ಹೇಳಿದ ಕ್ರಮದಲ್ಲೇ ಅವನ ಮಾತನ್ನೂ ಕೇಳಬೇಕು ಎಂದು 2023ರಲ್ಲಿ ವಿಭಾಗೀಯ ಪೀಠ ಹೇಳಿತು. ತೀರ್ಪು ತತ್ವದಲ್ಲಿ ಸರಿ ಎಂದೇ ನನ್ನ ಅನಿಸಿಕೆ. ಇಂದು ಹೆಂಡತಿಗೆ ಕೊಟ್ಟ ವಿಳಾಸ ನಾಳೆ ಓಡಿಬಂದ ಹೆಂಡತಿಯನ್ನು ಹುಡುಕುವ ಗಂಡನಿಗೂ ಸಿಕ್ಕೀತು. ಆದರೂ ಜೀವನಾಂಶಕ್ಕೆಂದು ಒಂದು ವಿಳಾಸ ಕೇಳಿದವಳಿಗೆ ಹೈಕೋರ್ಟಿನವರೆಗೆ ಮೆಟ್ಟಿಲು, ಟ್ರ್ಯಾಕ್ಟರ್ ಸಾಲ ಮಾರುವವರಿಗೆ ಕಾಕಾನ ಗುಂಟೆಯ ಲೆಕ್ಕ ಸುಮ್ಮನೆ ಸಿಗುತ್ತದೆ ಎಂದಾದಾಗ ಎಲ್ಲೋ ಬಾಗಿಲು ತಪ್ಪು ಗೋಡೆಗೆ ಕೂತಿದೆ ಎನಿಸುತ್ತದೆ. ಆ ಹೆಣ್ಣುಮಗಳನ್ನು ತಡೆದ ಕಟ್ಟುನಿಟ್ಟು ಪಟ್ಟಿ ಮಾರುವವನ ಮೇಲೆ ಬೀಳಬೇಕಿತ್ತು.

ಮೊನ್ನೆ ಕಾಕಾನ ಜೊತೆ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ, ಪ್ರಿಂಟ್ ತೆಗೆಸಲು. ಆಧಾರ್ ಮತ್ತು ಪಾಸ್‌ಬುಕ್ಕಿನ ಫೋಟೋಗಳನ್ನು ಅಂಗಡಿಯ ವಾಟ್ಸಾಪ್ ನಂಬರಿಗೆ ಕಳಿಸಬೇಕು. ಹುಡುಗ ಫೈಲ್ ತೆರೆದಾಗ ಪರದೆಯ ತುಂಬ ಬೇರೆಯವರ ಫೈಲುಗಳು: ಆಧಾರ್, ಪ್ಯಾನ್, ರೇಷನ್ ಕಾರ್ಡ್, ಯಾರದೋ ಮಗುವಿನ ಜನನ ಪ್ರಮಾಣಪತ್ರ. ಸಾವಿರಗಟ್ಟಲೆ ಇದ್ದವು. ಹುಡುಗ ಕೆಟ್ಟವನಲ್ಲ, ಕೆಲಸ ಮುಗಿದ ಮೇಲೆ ಅಳಿಸಬೇಕೆಂದು ಅವನಿಗೆ ಯಾರೂ ಹೇಳಿಯೇ ಇಲ್ಲ. ಪ್ರಿಂಟ್ ಕೈಗೆ ಬಂದ ಮೇಲೂ ಕಾಕಾ ಕದಲಲಿಲ್ಲ.

"ನಂದ ತಗದ ಬಿಡಪಾ ಈಗ."

ಹುಡುಗ ಅಳಿಸಿದ. ಕನ್ನಡಕ ಏರಿಸಿಕೊಂಡು ಕಾಕಾ ಪರದೆಯನ್ನೇ ನೋಡುತ್ತಿದ್ದರು. "ಆ ಕಸದ ಡಬ್ಬಿಯಾಗ ಬಿದ್ದೈತೆಲ್ಲಾ, ಅಲ್ಲಿಂದಾನೂ ತಗಿ. ವಾಟ್ಸಾಪಿನಾಗಿಂದಾನೂ." ಹಿಂದೆ ಸಾಲು ಬೆಳೆಯುತ್ತಿತ್ತು. ಒಂದೊಂದಾಗಿ ಎಲ್ಲ ಹೋದ ಮೇಲೆ ಕಾಕಾ ಹತ್ತು ರೂಪಾಯಿ ಕೊಟ್ಟು ಪಕ್ಕಕ್ಕೆ ಸರಿದರು. ಅವರ ಹಿಂದಿದ್ದ ಹೆಣ್ಣುಮಗಳು ತನ್ನ ಫೋನನ್ನು ಹುಡುಗನ ಕೈಗೇ ಕೊಟ್ಟು, "ಅದರಾಗ ಎಲ್ಲಾ ಅದಾವ, ನೀನ ನೋಡಿ ತಗೋಳಪಾ" ಎಂದಳು.