ಅಂಕಿಗಳಿಂದ ನಾದಕ್ಕೆ: ಮನೆಯ ಧ್ವನಿಪರಿವರ್ತಕವನ್ನು ಕುರಿತು ಒಂದು ವಿಮರ್ಶೆ

ಇತಿಹಾಸದ ವಿದ್ಯಾರ್ಥಿಗೆ ಶಾಸನ, ಓಲೆಗರಿ, ಕಡತಗಳು ಹೇಗೆ ಆಕರಗಳೋ ಹಾಗೆಯೇ ಕಳೆದ ಶತಮಾನದ ಧ್ವನಿಮುದ್ರಿಕೆಗಳೂ ಆಕರಗಳೇ ಸರಿ. ಇವುಗಳಲ್ಲಿ ಬಹುಪಾಲನ್ನು ನಾವಿಂದು ತಟ್ಟೆಯ ಮೇಲೆ ಮುಳ್ಳನ್ನಿಟ್ಟು ಕೇಳುವುದಿಲ್ಲ. ಅಂಕಿಗಳ ರೂಪಕ್ಕೆ ಇಳಿಸಿದ ಪ್ರತಿಗಳನ್ನು ಕಂಪ್ಯೂಟರಿನ ಮೂಲಕ ಕೇಳುತ್ತೇವೆ. ಆ ಅಂಕಿಗಳನ್ನು ಮರಳಿ ವಿದ್ಯುತ್ತಿನ ಅಲೆಗಳನ್ನಾಗಿ ಮಾಡುವ, ಪೇಟೆಯಲ್ಲಿ ‘ಡ್ಯಾಕ್’ ಎಂದು ಕರೆಯುವ ಪುಟ್ಟ ಪೆಟ್ಟಿಗೆಯ ವಿಷಯವಾಗಿ ಸಂಗೀತಪ್ರಿಯರಲ್ಲಿ ದೊಡ್ಡ ವಾದವೇ ನಡೆದಿದೆ. ಬೆಲೆ ಏರಿದಂತೆಲ್ಲ ನಾದವೂ ಉತ್ತಮವಾಗುತ್ತದೆಂಬುದು ಒಂದು ಪಕ್ಷ. ಪೆಟ್ಟಿಗೆಗಳೆಲ್ಲ ಒಂದೇ ಎಂಬುದು ಇನ್ನೊಂದು. ನಾವು ಶಾಸನಗಳಿಗೆ ಹಚ್ಚುವ ಒರೆಗಲ್ಲನ್ನೇ ಈ ವಾದಕ್ಕೂ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಅಂಕಿಗಳಲ್ಲಿ ಹಿಡಿದ ಧ್ವನಿ ಮೆಟ್ಟಿಲುಮೆಟ್ಟಿಲಾಗಿರುತ್ತದೆ, ಎರಡು ಮಾದರಿಗಳ ನಡುವಣ ನಾದ ಕಳೆದುಹೋಗಿರುತ್ತದೆ ಎಂದು ವಿದ್ಯಾವಂತರೂ ನಂಬುವುದುಂಟು. ಇದು ಸರಿಯಲ್ಲ. ಧ್ವನಿಯಲ್ಲಿರುವ ಅತ್ಯುಚ್ಚ ಆವರ್ತದ ಎರಡರಷ್ಟಕ್ಕಿಂತ ಹೆಚ್ಚು ಸಲ ಮಾದರಿ ತೆಗೆದಲ್ಲಿ ಮೂಲ ಅಲೆಯನ್ನು ಪೂರ್ಣವಾಗಿ ಮರಳಿ ಪಡೆಯಬಹುದೆಂದು ಕ್ಲಾಡ್ ಶಾನನ್ 1949ರ ತನ್ನ ಪ್ರಬಂಧದಲ್ಲಿ ತೋರಿಸಿದ್ದಾನೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಆವರ್ತಗಳಾಚೆಗೆ ಕೇಳಲಾರದು. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿಗೆ 44,100 ಮಾದರಿಗಳ ಪ್ರಮಾಣವನ್ನು ಗೊತ್ತುಮಾಡಿದ್ದರಲ್ಲಿ ಈ ಲೆಕ್ಕವಿದೆ. ಪರಿವರ್ತಕದೊಳಗಿನ ಶೋಧಕವು ನಯವಾದ ಅಲೆಯನ್ನೇ ಹೊರಗೆ ಬಿಡುತ್ತದೆ. ಡಿಸ್ಕಿನ 16 ಬಿಟ್ಟುಗಳು ಸುಮಾರು 96 ಡೆಸಿಬೆಲ್ಲುಗಳ ಹರವನ್ನು ಕೊಡುತ್ತವೆ. ಫ್ಯಾನು ತಿರುಗುವ, ಬೀದಿಯ ಸದ್ದು ನುಗ್ಗುವ ನಮ್ಮ ಮನೆಗಳಲ್ಲಿ ಅಷ್ಟನ್ನು ಅನುಭವಿಸುವವರು ಯಾರು?

ಇನ್ನು ಸಾಕ್ಷ್ಯದ ಮಾತು. ಬ್ರಾಡ್ ಮೆಯರ್ ಮತ್ತು ಡೇವಿಡ್ ಮೊರಾನ್ ಎಂಬಿಬ್ಬರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೆಚ್ಚಿನ ಸೂಕ್ಷ್ಮತೆಯ ಡಿಸ್ಕುಗಳಿಂದ ಹೊರಟ ಧ್ವನಿಯನ್ನು ಒಮ್ಮೆ ನೇರವಾಗಿಯೂ ಒಮ್ಮೆ 16 ಬಿಟ್ಟು, 44,100 ಮಾದರಿಗಳ ಪರಿವರ್ತನೆಗೆ ಒಳಪಡಿಸಿಯೂ ಕೇಳಿಸಲಾಯಿತು. 554 ಸಲದ ಆಯ್ಕೆಯಲ್ಲಿ ಸರಿಯಾದುವು 276. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ನಡುವೆ ಒಂದು ಪರಿವರ್ತಕ ಹೆಚ್ಚಾಗಿ ಸೇರಿದ್ದೇ ಕೇಳುಗರಿಗೆ ತಿಳಿಯಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಇದರಿಂದ ಎರಡನೆಯ ಪಕ್ಷವೇ ಗೆದ್ದಿತೆನ್ನುವಂತಿಲ್ಲ. ಲಂಡನ್ನಿನ ಜೋಶುವಾ ರೀಸ್ 2016ರಲ್ಲಿ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯಾದ ಉತ್ತರಗಳು ಶೇಕಡಾ 52.3ರಷ್ಟಿದ್ದವು, ತರಬೇತು ಪಡೆದ ಕಿವಿಗಳಲ್ಲಿ ಅದು ಇನ್ನಷ್ಟು ಹೆಚ್ಚು. ಭೇದವುಂಟು, ಆದರೆ ಕೂದಲೆಳೆಯಷ್ಟು. ಪೆಟ್ಟಿಗೆ ಬದಲಾಯಿಸಿದೊಡನೆ ‘ತೆರೆ ಸರಿದಂತಾಯಿತು’ ಎಂದು ಸಾರುವವರ ಸಾಕ್ಷ್ಯವನ್ನು ಈ ಅಳತೆಯಲ್ಲಿ ಇಟ್ಟು ತೂಗಬೇಕು.

ಆ ಸಾಕ್ಷಿಗಳಲ್ಲಿ ನಾನೂ ಒಬ್ಬನಾಗಿದ್ದೆನೆಂದು ಒಪ್ಪಿಕೊಳ್ಳಬೇಕು. ಎರಡು ಪರಿವರ್ತಕಗಳನ್ನು ಮನೆಯಲ್ಲಿಟ್ಟುಕೊಂಡು ಒಂದು ವಾರ ಕೇಳಿ, ದುಬಾರಿಯಾದುದರಲ್ಲಿ ತಂಬೂರಿಯ ಜೀವಾಳ ಹೆಚ್ಚು ಸ್ಫುಟವೆಂದು ನಿರ್ಣಯಿಸಿದ್ದೆ. ಭೌತಶಾಸ್ತ್ರ ವಿಭಾಗದ ಮಿತ್ರರೊಬ್ಬರು ವೋಲ್ಟ್‌ಮೀಟರ್ ತಂದು ಅಳೆದರು. ದುಬಾರಿಯದು ಶೇಕಡಾ 12ರಷ್ಟು ಹೆಚ್ಚು ವೋಲ್ಟೇಜನ್ನು ಹೊರಡಿಸುತ್ತಿತ್ತು, ಅಂದರೆ ಸುಮಾರು ಒಂದು ಡೆಸಿಬೆಲ್. ಇಷ್ಟು ಅಲ್ಪವಾದ ಏರಿಕೆಯನ್ನು ಕಿವಿ ‘ಜೋರು’ ಎಂದು ಗ್ರಹಿಸದೆ ‘ಚೆನ್ನ’ ಎಂದೇ ಗ್ರಹಿಸುತ್ತದೆ. ಎರಡನ್ನೂ ಸಮಮಾಡಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದಾಗ ನನ್ನ ಜೀವಾಳ ಎಲ್ಲಿಯೋ ಮಾಯವಾಯಿತು. ದುಬಾರಿಯ ಪೆಟ್ಟಿಗೆಯನ್ನು ಹಿಂದಿರುಗಿಸಿದೆ.

ಹಾಗಾದರೆ ಒಳ್ಳೆಯ ಧ್ವನಿಗೆ ಮಾಡಬೇಕಾದುದೇನು? ಬಹುಮಟ್ಟಿಗೆ ಪೆಟ್ಟಿಗೆಯ ಹೊರಗಿನ ಕೆಲಸಗಳೇ. ಕಂಪ್ಯೂಟರು ಮುದ್ರಿಕೆಯ ಮಾದರಿಸಂಖ್ಯೆಯನ್ನು ತಾನಾಗಿ ಮಾರ್ಪಡಿಸದಂತೆ ಏರ್ಪಡಿಸುವುದು ಒಳಿತು. ಪರಿವರ್ತಕದಿಂದ ಸಾಮಾನ್ಯವಾಗಿ ಹೊರಡುವ 2 ವೋಲ್ಟುಗಳನ್ನು ಆಂಪ್ಲಿಫೈಯರು ತಾಳಿಕೊಳ್ಳುವುದೇ ಎಂದು ನೋಡಬೇಕು. ಹಳೆಯ ಕೆಲವು ತಾಳಿಕೊಳ್ಳಲಾರದೆ ಒಡಕು ಧ್ವನಿ ಮಾಡುತ್ತವೆ. ತಂತಿಗಳ ಮೂಲಕ ಗುಂಯ್‌ಗುಡುವ ಸದ್ದು ಸೇರಿದರೆ, ಬೆಳಕಿನ ಮೂಲಕ ಸಾಗಿಸುವ ಕೇಬಲ್ಲು ವಿದ್ಯುತ್ ಸಂಪರ್ಕವನ್ನೇ ಕಡಿಯುವುದರಿಂದ ಆ ಸದ್ದು ಪ್ರಾಯಶಃ ನಿಲ್ಲುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಸ್ಪೀಕರುಗಳೂ ಕೋಣೆಯೂ. ಸಾಧಾರಣ ಪರಿವರ್ತಕ ಮಾಡುವ ವಿಕಾರ ಶೇಕಡಾ ಒಂದರ ನೂರನೆಯ ಪಾಲಿಗಿಂತಲೂ ಕಡಿಮೆ. ಸ್ಪೀಕರು ಮಂದ್ರದಲ್ಲಿ ಅದರ ನೂರ್ಮಡಿ ಮಾಡಬಲ್ಲುದು. ಗಾರೆ ನೆಲ, ಬರಿಗೋಡೆಗಳ ಕೋಣೆಯಲ್ಲಿ ಒಂದು ದಪ್ಪ ಜಮಖಾನೆ ಹಾಸಿ, ಸ್ಪೀಕರುಗಳನ್ನು ಮೂಲೆಯಿಂದ ಈಚೆಗೆ ಸರಿಸಿದರೆ ಆಗುವ ಲಾಭ ಯಾವ ಪೆಟ್ಟಿಗೆಯಿಂದಲೂ ಆಗದು.

ಇತಿಹಾಸಕಾರನಿಗೆ ಮುಖ್ಯವಾದ ಪ್ರಶ್ನೆ ಇನ್ನೂ ಹಿಂದಿನದು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಹಾಡುಗಳನ್ನು ಮುದ್ರಿಸಿಕೊಂಡನು. 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಗಾಯಕಿ ಈಕೆ. ವಿದ್ಯುತ್ತಿನ ಸಹಾಯವಿಲ್ಲದೆ ಬರಿಯ ಕೊಂಬಿನ ಬಾಯಿಗೆ ಹಾಡಿದ ಆ ಮುದ್ರಣಗಳಲ್ಲಿ ಉನ್ನತ ಆವರ್ತಗಳು ಹಿಡಿದೇ ಇಲ್ಲ. ಇಲ್ಲದುದನ್ನು ಪರಿವರ್ತಕ ಎಲ್ಲಿಂದ ತಂದೀತು? ಅದಕ್ಕಿಂತ ಗಂಭೀರವಾದುದು ವೇಗ. ಅಂದಿನ ತಟ್ಟೆಗಳು ನಿಮಿಷಕ್ಕೆ 78 ಸುತ್ತುಗಳೆಂಬ ಕಟ್ಟಳೆಗೆ ಒಳಪಟ್ಟಿರಲಿಲ್ಲ. 74 ಸುತ್ತುಗಳಲ್ಲಿ ಮುದ್ರಿಸಿದುದನ್ನು 78ರಲ್ಲಿ ತಿರುಗಿಸಿ ಅಂಕಿಗಳಿಗಿಳಿಸಿದರೆ ಶ್ರುತಿ ಸುಮಾರು ಒಂದು ಸ್ವರಸ್ಥಾನದಷ್ಟು ಏರುತ್ತದೆ, ಲಯ ಚುರುಕಾಗುತ್ತದೆ, ಕಂಠ ಎಳೆಯದಾಗುತ್ತದೆ. ಆ ಕಾಲದ ಗಾಯಕಿಯರದು ಕೀರಲು ಕಂಠವೆಂಬ ಮಾತನ್ನು ಕೇಳಿದಾಗಲೆಲ್ಲ, ಹೇಳುವವರು ಕೇಳಿದ ಪ್ರತಿ ಯಾವ ವೇಗದ್ದೆಂದು ವಿಚಾರಿಸಬೇಕೆನಿಸುತ್ತದೆ. ನಾನು ಕೇಳಿದ ಅಂಕಪ್ರತಿಗಳಲ್ಲಿ ಬಹುತೇಕವು ತಟ್ಟೆಯನ್ನು ಯಾವ ವೇಗದಲ್ಲಿ, ಎಂಥ ಮುಳ್ಳಿನಿಂದ ನುಡಿಸಿದ್ದೆಂದು ಹೇಳುವುದೇ ಇಲ್ಲ. ಶಾಸನದ ಪಾಠವನ್ನು ಅಚ್ಚುಮಾಡುವಾಗ ಕಲ್ಲು ಸವೆದ ಎಡೆಗಳನ್ನು ಗುರುತಿಸುವುದು ನಮ್ಮಲ್ಲಿ ರೂಢಿಯಾಗಿದೆ. ಧ್ವನಿಭಂಡಾರಗಳಿಂದಲೂ ಅಷ್ಟನ್ನು ನಾವು ಕೇಳಬೇಕಾಗಿದೆ.